ಕೊಸರಿನ ಮೇಲಿನ ಪಾಲು

ಪಾಲುಗಲ್ಲು ಬಂದ ಮೇಲೆ ದಾವಣಗೆರೆಯಲ್ಲಿ ಯಾರೂ ತೆರಿಗೆ ಕಟ್ಟಲು ಹೋಗಬೇಕಾಗಿರಲಿಲ್ಲ. ತೆರಿಗೆ ತಾನಾಗಿಯೇ ಎದ್ದು ಖಜಾನೆಗೆ ಹೋಗುತ್ತಿತ್ತು.

ಹಾಲಮ್ಮನ ಮಂಡಕ್ಕಿ ಅಂಗಡಿಯಲ್ಲಿ ಆ ಕಲ್ಲು ಮಂಡಕ್ಕಿಯ ರಾಶಿಗೂ ಗಿರಾಕಿಯ ಚೀಲಕ್ಕೂ ನಡುವೆ ಕೂತಿತ್ತು. ರೊಟ್ಟಿ ಹಂಚಿನಷ್ಟು ಅಗಲ, ಎರಡು ಬೆರಳು ದಪ್ಪ, ಕಪ್ಪು ಬಣ್ಣ. ಪ್ರತಿಯೊಂದು ಪದಾರ್ಥವೂ ತನ್ನ ಸುತ್ತ ಬಹಳ ಸೂಕ್ಷ್ಮವಾದ ಒಂದು ಕಂಪನವನ್ನು ಹೊತ್ತಿರುತ್ತದೆ, ಕಲ್ಲಿನೊಳಗಿನ ಹರಳು ಅದನ್ನು ಓದುತ್ತದೆ ಎಂದು ಕಂಡುಹಿಡಿದವರು ವಿವರಿಸಿದ್ದರು. ಅಕ್ಕಿಯಾಗಲಿ, ಬಟ್ಟೆಯಾಗಲಿ, ಕಬ್ಬಿಣವಾಗಲಿ, ಮೇಲೆ ಹಾದುಹೋದರೆ ಸಾಕು, ಅದರ ತೂಕ, ಗುಣ, ಬೆಲೆ ಕಲ್ಲಿಗೆ ತಿಳಿಯುತ್ತಿತ್ತು. ಸರಕು ಆ ಕಡೆ ಹೋದಾಗ ಹಣ ಈ ಕಡೆ ಬರಬೇಕು. ಎರಡೂ ತಾಳೆಯಾದರೆ ಕಲ್ಲು ಸರ್ಕಾರದ ಪಾಲನ್ನು ಅಲ್ಲಿಯೇ ಎತ್ತಿಕೊಳ್ಳುತ್ತಿತ್ತು. ಎರಡು ಥರದ ಬಿಲ್ಲು ಬರೆಯುವುದು ನಿಂತಿತು. ದಾಳಿ ನಿಂತಿತು, ದಾಳಿ ಮಾಡದಿರಲು ಕೊಡುತ್ತಿದ್ದ ಕವರೂ ನಿಂತಿತು. ಕಲ್ಲಿಲ್ಲದೆ ಮಾರುವುದು ಮಾತ್ರ ಅಪರಾಧವಾಯಿತು.

ಹಾಲಮ್ಮನಿಗೆ ಈ ವಿವರಣೆ ಬೇಕಿರಲಿಲ್ಲ. ಕಲ್ಲು ಎಂದ ಮೇಲೆ ಅವಳಿಗೆ ದೇವರೇ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದು, ಒಂದು ತುಂಬೆ ಹೂವಿಟ್ಟು, ಆಮೇಲೆ ಸೇರನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಮೊದಲ ಸೇರಿಗೆ ಒಂದು ಎನ್ನದೆ 'ಲಾಭ' ಎಂದು ಎಣಿಸುತ್ತಿದ್ದಳು. ಅಳತೆ ಮುಗಿದು ಹಣ ಬಂದ ಮೇಲೆ ಬೊಗಸೆ ತುಂಬ ಮಂಡಕ್ಕಿ ಎತ್ತಿ ಗಿರಾಕಿಯ ಚೀಲಕ್ಕೆ ಸುರಿಯುತ್ತಿದ್ದಳು. ಅದು ಕೊಸರು. ಅವಳ ತಾಯಿ ಹಾಗೆ ಹಾಕಿದ್ದಳು, ತಾಯಿಯ ತಾಯಿಯೂ ಹಾಕಿದ್ದಳು. ಕೊಸರು ಹಾಕದೆ ಗಿರಾಕಿಯನ್ನು ಕಳಿಸುವುದು ಆ ಬೀದಿಯಲ್ಲಿ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸಿದಷ್ಟೇ ಕೆಟ್ಟದ್ದು.

ಆ ಬೊಗಸೆಗೆ ಹಣ ಬರುವುದಿಲ್ಲ. ಕಲ್ಲಿಗೆ ಅದು ತಾಳೆಯಾಗಲಿಲ್ಲ.

ಹಾಲಮ್ಮನ ತಮ್ಮ ತಿಪ್ಪೇಶಿ ಈ ಕಲ್ಲುಗಳನ್ನು ನೋಡಿಕೊಳ್ಳುವ ಸಮಪಾಲು ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಅಧಿಕಾರಿಯಾಗಿದ್ದ. ಕೊಠಡಿಯ ಒಂದು ಗೋಡೆ ಪೂರ್ತಿ ಜಿಲ್ಲೆಯ ನಕ್ಷೆ. ಒಂದೊಂದು ಕಲ್ಲಿಗೂ ಸಾಸಿವೆ ಕಾಳಿನಷ್ಟು ಬೆಳಕು. ತಾಳೆಯಾದರೆ ಹಸಿರು, ಇಲ್ಲವಾದರೆ ಕೆಂಪು. ಕೆಂಪು ಮತ್ತೆ ಮತ್ತೆ ಬಂದರೆ ಆ ಕಲ್ಲು ತಾನಾಗಿಯೇ ಬೀಗ ಹಾಕಿಕೊಳ್ಳುತ್ತಿತ್ತು. ಆಷಾಢ ಕಳೆದು ಮದುವೆಯ ದಿನಗಳು ಬಂದು ವ್ಯಾಪಾರ ಹೆಚ್ಚಾದಾಗ, ಮಂಡಕ್ಕಿ ಭಟ್ಟಿಗಳ ಬೀದಿ ನಕ್ಷೆಯ ಮೇಲೆ ಸಿಡುಬು ಎದ್ದ ಮೈಯ ಹಾಗೆ ಕೆಂಪಗಾಯಿತು. ಯಂತ್ರ ಕೆಟ್ಟಿದೆಯೆಂದು ಉಳಿದವರು ಅಂದುಕೊಂಡರು. ಆ ಬೀದಿಯಲ್ಲಿ ಬೆಳೆದ ತಿಪ್ಪೇಶಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವನಿಗೆ ಮೊದಲು ನಗು ಬಂತು. ಆಮೇಲೆ ಹೆದರಿಕೆಯಾಯಿತು.

ಹೆದರಿಕೆಗೆ ಕಾರಣ ಅವನ ಹೆಂಡತಿ ವನಜಾಕ್ಷಿ. ಅವಳ ಎರಡೂ ಕಿಡ್ನಿಗಳು ನಿಂತುಹೋಗಿದ್ದವು. ವಾರಕ್ಕೆ ಮೂರು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಹಿಂದೆ ಆ ಆಸ್ಪತ್ರೆಯಲ್ಲಿ ಇದ್ದ ಯಂತ್ರಗಳಲ್ಲಿ ಅರ್ಧ ಕೆಟ್ಟೇ ಇರುತ್ತಿದ್ದವು. ಸರದಿಗಾಗಿ ಕಾಯುತ್ತಾ ಬೆಂಚಿನ ಮೇಲೆಯೇ ಪ್ರಾಣ ಬಿಟ್ಟವರಿದ್ದರು. ಪಾಲುಗಲ್ಲು ಬಂದ ಮೇಲೆ ಒಂದು ಇಡೀ ವಾರ್ಡು ಎದ್ದುನಿಂತಿತು. ಬಂದ ಪಾಲು ನೇರವಾಗಿ ಆಸ್ಪತ್ರೆಗೆ ಹರಿಯಬೇಕು, ನಡುವೆ ಯಾವ ಮನುಷ್ಯನ ಕೈಯೂ ತಗುಲಬಾರದು ಎಂಬುದು ಕಾನೂನು. ಆದ್ದರಿಂದ ಯಾರೂ ಯಾರ ಕಾಲನ್ನೂ ಹಿಡಿಯಬೇಕಾಗಿರಲಿಲ್ಲ. ತಿಪ್ಪೇಶಿ ದಿನವೂ ಸ್ನಾನವಾದ ಮೇಲೆ ದೇವರ ಮುಂದೆ ಕೈಮುಗಿಯುವಾಗ ಆ ಕಪ್ಪು ಕಲ್ಲನ್ನೂ ನೆನೆಯುತ್ತಿದ್ದ. ಅದು ಇರುವವರೆಗೆ ವನಜಾಕ್ಷಿ ಇರುತ್ತಾಳೆ ಎಂದು ನಂಬಿದ್ದ. ಬೀಗ ಬಿದ್ದು ಬೀದಿಯವರು ಕಲ್ಲೇ ಬೇಡವೆಂದು ಎದ್ದರೆ?

ಮಾರನೆಯ ದಿನವೇ ಹಾಲಮ್ಮನ ಕಲ್ಲಿಗೆ ಬೀಗ ಬಿತ್ತು. ಅಂಗಡಿ ಮುಚ್ಚಿ ಅವಳು ನೇರ ತಮ್ಮನ ಮನೆಗೆ ಬಂದಳು.

"ಏನ್ ಕಲ್ಲೋ ತಮ್ಮಾ ಇದು! ಬೆಳಗ್ಗೆ ಈಬತ್ತಿ ಹಚ್ಚಿ ಹೂವು ಇಟ್ಟಿದೀನಿ. ಮಧ್ಯಾಹ್ನಕ್ಕೆ ನನ್ ಹೊಟ್ಟೆ ಮ್ಯಾಲೇ ಬೀಗ ಹಾಕೈತೆ."

"ಅಕ್ಕಾ, ನೀನು ಹಣ ಇಲ್ಲದೆ ಮಾಲು ಕೊಡ್ತಿದೀಯ. ಅದಕ್ಕೆ."

"ಕೊಸರು ಕಣೋ ಅದು!"

"ಕಲ್ಲಿಗೆ ಕೊಸರು ಗೊತ್ತಿಲ್ಲ."

"ನಿನಗೆ ಗೊತ್ತಿಲ್ವಾ? ಕಲ್ಲಿನ ಜೊತೆ ಕೂತು ನೀನೂ ಕಲ್ಲಾದ್ಯಾ?" ಎಂದು ಹಾಲಮ್ಮ ಗದರಿದಳು. ಒಳಗಿನ ಮಂಚದ ಮೇಲಿದ್ದ ವನಜಾಕ್ಷಿಗೆ ನಗು ತಡೆಯಲಾಗಲಿಲ್ಲ.

"ಬೈರಿ ಅಕ್ಕಾ, ಇನ್ನೂ ಬೈರಿ. ಇಲ್ಲಿ ನಂಗೂ ನೀರು ಕಲ್ಲಿನ ಥರಾನೇ ಅಳೆದು ಕೊಡ್ತಾರೆ."

ಅದು ನಿಜ. ಕಿಡ್ನಿ ನಿಂತವರು ಕುಡಿದ ನೀರು ಹೊರಗೆ ಹೋಗುವುದಿಲ್ಲ. ಮುಂದಿನ ಸರದಿಯವರೆಗೆ ಮೈಯಲ್ಲೇ ನಿಲ್ಲುತ್ತದೆ, ಹೆಚ್ಚಾದರೆ ಶ್ವಾಸಕೋಶಕ್ಕೆ ಏರುತ್ತದೆ. ಒಂದು ಸಣ್ಣ ಲೋಟದಲ್ಲಿ ಹೊತ್ತು ಹೊತ್ತಿಗೆ ಎಷ್ಟು ಎಂದು ವೈದ್ಯರು ಗೊತ್ತುಮಾಡಿದ್ದರು. ಬಾಯಾರಿ ಕೂತ ಮನುಷ್ಯ ಇನ್ನೊಬ್ಬರು ನೀರು ಕುಡಿಯುವುದನ್ನು ನೋಡುವ ನೋಟವನ್ನು ಕಂಡವರಿಗೆ ನರಕವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಹಾಲಮ್ಮ ತಮ್ಮನ ಎದುರಿಗೆ ಕೂತಳು. ಅವಳ ದನಿ ತಗ್ಗಿತು. "ಮಾರಿದ್ದಕ್ಕೆ ಪಾಲು ತಗಳ್ಳಿ, ಬ್ಯಾಡ ಅನ್ನಲ್ಲ. ನಮ್ಮ ವನಜಿ ಬದುಕಿರೋದೇ ಅದ್ರಿಂದ, ನಂಗೇನು ಗೊತ್ತಿಲ್ವಾ? ಕೊಟ್ಟಿದ್ದಕ್ಕೆ ಯಾಕೋ ಪಾಲು? ಮಳೆ ಬಂದ್ರೂ ಪಾಲು ಕೇಳ್ತೀರಾ?"

ತಿಪ್ಪೇಶಿಗೆ ಅವಳ ಮಾತು ಸರಿಯೆಂದೇ ತೋರಿತು. ಅವನು ಕಲ್ಲಿನ ನಿಯಮಕ್ಕೆ ಒಂದು ತಿದ್ದುಪಡಿ ಬರೆದ. ಅಳತೆಯಾದ ಮೇಲೆ ಕೈಯಿಂದ ಕೊಡುವ ಹೆಚ್ಚಿಗೆ ಸರಕನ್ನು ಕಲ್ಲು ಕೊಸರೆಂದು ತಿಳಿಯಬೇಕು, ಅದಕ್ಕೆ ಪಾಲಿಲ್ಲ. ಇಷ್ಟೇ.

ಮಂಡಳಿಯ ಮುಖ್ಯಸ್ಥರಾದ ಇಂದೂಧರ ಅವರು ಅದನ್ನು ಎರಡು ಸಲ ಓದಿದರು. ಪಾಲುಗಲ್ಲಿನ ಹರಳನ್ನು ಮೊದಲು ಬೆಳೆಸಿದವರಲ್ಲಿ ಅವರೂ ಒಬ್ಬರು. ಮಿತಭಾಷಿ, ಮಧ್ಯಾಹ್ನದ ಊಟಕ್ಕೆ ಮನೆಯಿಂದ ಮೊಸರನ್ನವನ್ನೇ ತರುವ ಮನುಷ್ಯ.

"ಇದು ನಿಮ್ಮ ಅಕ್ಕನ ಅಂಗಡಿಗೋಸ್ಕರವೇ?"

"ಅಕ್ಕನಿಂದ ತಿಳೀತು, ಸಾರ್. ಬೀದಿಗೆಲ್ಲ ಇದೇ ಕಷ್ಟ."

"ನಿಮ್ಮ ಅಕ್ಕ ಕೊಡೋ ಬೊಗಸೆ ಪ್ರೀತಿಯಿಂದ ಕೊಡೋದು ಅಂತ ನನಗೂ ಗೊತ್ತು. ನನ್ನ ಅಜ್ಜಿಯೂ ಎಣ್ಣೆ ಮಾರಿದವಳೇ. ಆದರೆ ಹರಳಿಗೆ ಬೊಗಸೆ ಕಾಣುತ್ತೆ, ಪ್ರೀತಿ ಕಾಣಲ್ಲ. ಪ್ರೀತಿಗೆ ಅಂತ ಬಾಗಿಲು ತೆಗೆದರೆ ಒಳಗೆ ಯಾರು ಬರ್ತಾರೆ ಅಂತ ನೋಡೋಕೆ ಅಲ್ಲಿ ಯಾರೂ ನಿಂತಿರಲ್ಲ."

"ಒಂದು ಬೊಗಸೆ ಮಂಡಕ್ಕಿ, ಸಾರ್. ಉಫ್ ಅಂದರೆ ಹಾರಿಹೋಗುತ್ತೆ."

ಇಂದೂಧರ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೀಗ ಬಿದ್ದ ಅಂಗಡಿಯವರು ಹೊರಗಿನ ಮೆಟ್ಟಿಲ ಮೇಲೆ ಗದ್ದಲ ಮಾಡುತ್ತಿದ್ದದ್ದು ಕಿಟಕಿಯಲ್ಲಿ ಕೇಳುತ್ತಿತ್ತು. ಅವರು ಸಹಿ ಹಾಕಿದರು.

ಆ ಸಂಜೆ ನಕ್ಷೆಯ ಮೇಲಿನ ಕೆಂಪೆಲ್ಲ ಇಳಿದು ಬೀದಿ ಹಸಿರಾಯಿತು. ಹಾಲಮ್ಮ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಂಡು ಬಂದು, "ಸರ್ಕಾರಕ್ಕೂ ಬುದ್ಧಿ ಬಂತು ನೋಡವ್ವಾ" ಎಂದು ನಾದಿನಿಯ ಕೆನ್ನೆ ಸವರಿದಳು. ಬಜ್ಜಿಯನ್ನು ವನಜಾಕ್ಷಿ ತಿನ್ನುವಂತಿರಲಿಲ್ಲ. ಮೂಸಿ ನೋಡಿ ಗಂಡನ ಕೈಗೆ ಕೊಟ್ಟಳು.

ಹಸಿರು ಹಾಗೆಯೇ ಉಳಿಯಿತು. ಆದರೆ ಮೂರು ತಿಂಗಳು ಕಳೆಯುವುದರೊಳಗೆ ತಿಪ್ಪೇಶಿಗೆ ಒಂದು ಸಂಶಯ ಹತ್ತಿತು. ಎಲ್ಲಿಯೂ ಕೆಂಪಿಲ್ಲ, ಸರಕು ಹಿಂದಿನಂತೆಯೇ ಓಡಾಡುತ್ತಿದೆ, ಪಾಲು ಮಾತ್ರ ಇಳಿಯುತ್ತಿದೆ. ಬಾವಿಯ ನೀರು ಯಾರೂ ಸೇದದೆ ಕೆಳಗಿಳಿದಂತೆ. ಅವನು ಒಂದೊಂದೇ ಬೆಳಕನ್ನು ಹಿಂಬಾಲಿಸಿ ನೋಡಿದ. ದಾರಿ ಅಷ್ಟದಳ ಎಂಬ ದೊಡ್ಡ ವ್ಯಾಪಾರ ಸಂಸ್ಥೆಗೆ ಹೋಗಿ ಮುಟ್ಟಿತು.

ಅಷ್ಟದಳಕ್ಕೆ ಅಕ್ಕಿ ಗಿರಣಿಗಳಿದ್ದವು, ಎಣ್ಣೆ ಗಿರಣಿಗಳಿದ್ದವು, ಗೋದಾಮುಗಳಿದ್ದವು. ಕಾಗದದ ಮೇಲೆ ಎಲ್ಲವೂ ಬೇರೆ ಬೇರೆ ಕಂಪನಿಗಳು, ಒಳಗೆ ಎಲ್ಲವೂ ಒಂದೇ ಮನೆಯ ಸ್ವತ್ತು. ಗಿರಣಿಯಿಂದ ಗೋದಾಮಿಗೆ ಸರಕು ಹೋದಾಗೆಲ್ಲ ಹಿಂದೆ ಪಾಲು ಕೊಡಬೇಕಾಗಿತ್ತು. ಈಗ ಗಿರಣಿ ಗೋದಾಮಿಗೆ ಒಂದು ಮೂಟೆಯನ್ನು ಮಾರುತ್ತಿತ್ತು. ಮಿಕ್ಕ ಲಾರಿ ಪೂರ್ತಿ ಕೊಸರು.

ವಿವರಣೆ ಕೇಳಿದಾಗ ಅಷ್ಟದಳದ ವಕೀಲ ಬಂದ. ಬಹಳ ವಿನಯದ ಮನುಷ್ಯ. ಬಂದವನೇ ಎಲ್ಲರಿಗೂ ನಮಸ್ಕಾರ ಮಾಡಿದ.

"ಕೈಯಿಂದ ಕೊಟ್ಟಿದ್ದು ಕೊಸರು ಅಂತ ನಿಮ್ಮ ನಿಯಮದಲ್ಲೇ ಇದೆ, ಸ್ವಾಮಿ. ನಾವು ಯಂತ್ರದಿಂದ ಇಳಿಸ್ತಿಲ್ಲ. ನೂರಾರು ಹಮಾಲರನ್ನು ಇಟ್ಕೊಂಡು ಕೈಯಿಂದಲೇ ಇಳಿಸ್ತಿದೀವಿ. ಹಮಾಲರ ಕೈ ಕೈಯಲ್ಲವೆ?"

"ಲಾರಿಗಟ್ಟಲೆ ಕೊಸರು ಯಾರಾದರೂ ಹಾಕ್ತಾರೇನ್ರಿ?" ಎಂದು ತಿಪ್ಪೇಶಿ ಕೇಳಿದ.

"ನಮ್ಮ ಧಣಿಗಳದು ದೊಡ್ಡ ಕೈ" ಎಂದು ವಕೀಲ ನಕ್ಕ. "ಮತ್ತೆ, ಬಡವರ ಮಂಡಕ್ಕಿ ಕೊಸರಾದರೆ ಧರ್ಮ, ನಮ್ಮ ಅಕ್ಕಿ ಕೊಸರಾದರೆ ಕಳ್ಳತನ ಅಂತೀರೋ? ಕಾನೂನು ಎಲ್ಲರಿಗೂ ಒಂದೇ ಅಂತ ಹೇಳಿದೋರು ನೀವೇ ಅಲ್ಲವೆ?"

ಅವನು ಹೋದ ಮೇಲೆ ಇಂದೂಧರ ಅವರು ತಾವು ಸಹಿ ಹಾಕಿದ್ದ ತಿದ್ದುಪಡಿಯನ್ನು ತೆಗೆದು ಮತ್ತೆ ಓದಿದರು. ಅದನ್ನು ಹಿಂದಕ್ಕೆ ಪಡೆದರೆ ಮಂಡಕ್ಕಿ ಬೀದಿಗೆ ಮತ್ತೆ ಬೀಗ ಬೀಳುತ್ತದೆಂದು ತಿಪ್ಪೇಶಿ ಇಂದು ನಾಳೆ ಎಂದು ದಿನ ತಳ್ಳಿದ. ಅಷ್ಟದಳವನ್ನು ನೋಡಿ ಉಳಿದ ದೊಡ್ಡವರೂ ಅದೇ ದಾರಿ ಹಿಡಿದರು. ನಕ್ಷೆ ಹಸಿರು ತೋಟದಂತೆ ಹೊಳೆಯುತ್ತಿತ್ತು.

ಪಾಲು ಇಳಿದಂತೆ ಆಸ್ಪತ್ರೆಯ ಹರಿವೂ ತಾನಾಗಿಯೇ ಇಳಿಯಿತು. ನಡುವೆ ಯಾರ ಕೈಯೂ ಇರಲಿಲ್ಲವಾದ್ದರಿಂದ ಅದನ್ನು ತಡೆದು ಹಿಡಿಯಲು ಕೂಡ ಯಾರ ಕೈಯೂ ಇರಲಿಲ್ಲ. ಒಂದು ಬೆಳಿಗ್ಗೆ ವನಜಾಕ್ಷಿಯ ಫೋನಿಗೆ ಎರಡು ಸಾಲು ಬಂದವು. ಇನ್ನು ಮುಂದೆ ವಾರಕ್ಕೆ ಎರಡೇ ಸರದಿ.

ಅವಳು ಅದನ್ನು ಗಂಡನಿಗೆ ತೋರಿಸಿ, "ಹೋಗ್ಲಿ ಬಿಡ್ರೀ, ಆ ಸೂಜಿ ಚುಚ್ಚೋದು ಒಂದು ಸಲ ಕಮ್ಮಿ ಆತಲ್ಲ" ಅಂದಳು. ತಿಪ್ಪೇಶಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ಹೊರಗೆ ಬಂದು, ನೀರಿನ ಶಬ್ದ ಅವಳಿಗೆ ಕೇಳಿಸಿತೇನೋ ಎಂದು ನಾಚಿದ.

ನೀರಿನ ಅಳತೆ ಇನ್ನೂ ಇಳಿಯಿತು. ಬೇಸಿಗೆ ಏರಿತು. ತಿಪ್ಪೇಶಿ ಕಚೇರಿಯಲ್ಲಿರುವಾಗ ಹಾಲಮ್ಮ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ ಬಂದು ನಾದಿನಿಯ ಹತ್ತಿರ ಕೂರುತ್ತಿದ್ದಳು. ಸೆರಗಿನಿಂದ ಗಾಳಿ ಬೀಸುವಳು. ನೆನೆಸಿದ ಬಟ್ಟೆಯನ್ನು ಹಣೆಯ ಮೇಲಿಡುವಳು. ಅಳತೆಯ ಲೋಟದಲ್ಲಿ ಸರಿಯಾಗಿ ಗೆರೆಯವರೆಗೆ ನೀರು ತುಂಬಿ ಕೊಡುವಳು. ವನಜಾಕ್ಷಿ ಅದನ್ನು ಬಾಯಲ್ಲಿ ಹಿಡಿದು ಹಿಡಿದು ನುಂಗುವುದನ್ನು ನೋಡುತ್ತಾ, "ನನ್ನವ್ವಾ" ಎನ್ನುವಳು. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ನೀರಿನ ಕೊಡದ ಕಡೆ ಹೋಗುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ವನಜಾಕ್ಷಿಗೆ ಉಸಿರು ಸಿಕ್ಕಿಕೊಂಡಿತು. ಮಲಗಿದರೆ ಮುಳುಗಿದಂತಾಗುತ್ತದೆ ಎಂದು ಎದ್ದು ಕೂತಳು. ತುಟಿ ನೀಲಿಯಾಯಿತು. ಹಾಲಮ್ಮ ಅವಳನ್ನು ಆಟೋದಲ್ಲಿ ಹಾಕಿಕೊಂಡು, "ಸ್ವಾಮೀ, ತಿಪ್ಪೇಸ್ವಾಮೀ" ಎಂದು ಕೂಗುತ್ತಾ ಆಸ್ಪತ್ರೆಗೆ ಬಂದಳು. ಕೂಗುತ್ತಿದ್ದದ್ದು ದೇವರನ್ನೋ ಆ ದೇವರ ಹೆಸರಿನ ತಮ್ಮನನ್ನೋ ಅವಳಿಗೇ ತಿಳಿದಿರಲಿಲ್ಲ.

ತಿಪ್ಪೇಶಿ ಓಡಿ ಬಂದಾಗ ನರ್ಸು ಹಾಲಮ್ಮನನ್ನು ವಿಚಾರಿಸುತ್ತಿದ್ದಳು.

"ಎಷ್ಟು ನೀರು ಕುಡಿದಿದ್ದಾರೆ, ಅಮ್ಮಾ? ಸರಿಯಾಗಿ ಹೇಳಿ."

"ಡಾಕ್ಟ್ರು ಹೇಳಿದಷ್ಟೇ, ತಾಯೀ. ಲೋಟದ ಗೆರೆ ದಾಟಿಸಿಲ್ಲ."

"ಅಷ್ಟಕ್ಕೆ ಹೀಗಾಗಲ್ಲ. ಶ್ವಾಸಕೋಶದ ತುಂಬ ನೀರಿದೆ."

"ಅಳತೆ ಮಾಡೇ ಕೊಟ್ಟೆ..." ಹಾಲಮ್ಮನ ಮಾತು ನಿಂತಿತು. "ಮ್ಯಾಲೆ ಒಂದು ಗುಟುಕು ಕೊಸರು."

"ಯಾವಾಗ?"

"ಕೊಟ್ಟಾಗೆಲ್ಲ."

ನರ್ಸು ತಿಪ್ಪೇಶಿಯ ಮುಖ ನೋಡಿದಳು. ವಾರಕ್ಕೆ ಮೂರು ಸರದಿ ಇದ್ದಾಗಲೂ ಹಾಲಮ್ಮ ಹಾಗೆಯೇ ಕೊಟ್ಟಿರಬೇಕು. ಆಗ ಮೂರನೆಯ ಸರದಿ ಅದನ್ನು ಸದ್ದಿಲ್ಲದೆ ತೆಗೆದುಹಾಕುತ್ತಿತ್ತು.

ಯಂತ್ರ ಖಾಲಿ ಇರಲಿಲ್ಲ. ಹರಿಹರದಿಂದ ಬಂದಿದ್ದ ಒಬ್ಬ ಮುದುಕರನ್ನು, "ನಾಳೆ ನೋಡೋಣ ಅಜ್ಜಾ, ಇದು ತುರ್ತು" ಎಂದು ಎಬ್ಬಿಸಿ ಆ ಹಾಸಿಗೆಯನ್ನು ವನಜಾಕ್ಷಿಗೆ ಕೊಟ್ಟರು. ಮುದುಕರು ಚಪ್ಪಲಿ ಹುಡುಕುತ್ತಾ, "ಆಗ್ಲಿ, ಹೆಣ್ಮಗಳು" ಎಂದರು. ಅವರ ಪಾದಗಳು ಊದಿಕೊಂಡು ಚಪ್ಪಲಿಯೊಳಗೆ ಹೋಗಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಹೋದರು.

ಕೊಳವೆಯಲ್ಲಿ ವನಜಾಕ್ಷಿಯ ರಕ್ತ ಹೊರಗೆ ಹೋಗುತ್ತಿತ್ತು, ಯಂತ್ರದೊಳಗೆ ಸುತ್ತಿ ತೊಳೆದುಕೊಂಡು ತಿರುಗಿ ಬರುತ್ತಿತ್ತು. ಹಾಲಮ್ಮ ಅದುವರೆಗೆ ಆ ವಾರ್ಡಿನೊಳಗೆ ಬಂದವಳಲ್ಲ. ಅವಳು ನೆಲದ ಮೇಲೆ ಕೂತು ಕೊಳವೆಯನ್ನೇ ನೋಡುತ್ತಿದ್ದಳು.

"ತಮ್ಮಾ, ಹೋದದ್ದೆಲ್ಲ ವಾಪಸ್ ಬರುತ್ತಾ?"

"ಬರುತ್ತಕ್ಕಾ. ಕೆಟ್ಟದ್ದು ಬಿಟ್ಟು ಎಲ್ಲಾ ಬರುತ್ತೆ."

"ಆ ಅಜ್ಜ ಎಲ್ಲೋದ?"

ಮಾರನೆಯ ದಿನ ಅವನು ಇಂದೂಧರ ಅವರ ಮುಂದೆ ನಿಂತು ತನ್ನ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬೇಕೆಂದು ಕೇಳಿದ. ಕೇಳಿದ ಮೇಲೂ ಅವನ ಮನಸ್ಸು ಒಪ್ಪಲಿಲ್ಲ.

"ಪೂರ್ತಿ ತೆಗೀಬೇಕಾ, ಸಾರ್? ಇಂತಿಷ್ಟು ತೂಕದೊಳಗೆ ಅಂತ ಮಿತಿ ಹಾಕಿದರೆ? ಒಂದು ಬೊಗಸೆ, ಅಷ್ಟೇ. ಲಾರಿ ನಿಲ್ಲುತ್ತೆ, ಅಂಗಡಿ ಉಳಿಯುತ್ತೆ."

ಇಂದೂಧರ ಅವರು ಅವನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಅಷ್ಟದಳದವರು ಪರವಾನಗಿಗೆಂದು ಕಳಿಸಿದ್ದ ಒಂದು ಸಾಧನವಿತ್ತು. ಗುಂಡಿ ಒತ್ತಿದರು. ರಬ್ಬರಿನ ಎರಡು ಅಂಗೈಗಳು ಒಂದಕ್ಕೊಂದು ಕೂಡಿ ಬೊಗಸೆಯಾಗಿ, ಅಕ್ಕಿಯನ್ನು ಎತ್ತಿ ಪಾಲುಗಲ್ಲಿನ ಮೇಲಿನಿಂದ ಆಚೆಗೆ ಸುರಿದವು. ಮತ್ತೆ ಎತ್ತಿದವು, ಸುರಿದವು. ನೋಡುವಷ್ಟರಲ್ಲಿ ಒಂದು ಮೂಟೆ ಮುಗಿಯಿತು. ಪ್ರತಿ ಬೊಗಸೆಯೂ ಹಾಲಮ್ಮನ ಬೊಗಸೆಗಿಂತ ತುಸು ಚಿಕ್ಕದು. ಕಲ್ಲು ಹಸಿರಾಗಿಯೇ ಉಳಿಯಿತು.

"ನೀವು ಮಿತಿ ಹಾಕ್ತೀರಿ ಅಂತ ಅವರಿಗೆ ನಿಮಗಿಂತ ಮೊದಲೇ ಗೊತ್ತು" ಎಂದರು ಇಂದೂಧರ. "ಅಂಗಡಿಗೆ ದಿನಕ್ಕೆ ಇಷ್ಟು ಅಂದರೆ ಅಂಗಡಿಗಳನ್ನೇ ಸಾವಿರ ಮಾಡ್ತಾರೆ. ನಾನೂ ಯೋಚನೆ ಮಾಡಿದೀನಿ, ತಿಪ್ಪೇಶಿ. ನಿದ್ದೆ ಕೆಟ್ಟು ಮಾಡಿದೀನಿ. ಒಳ್ಳೆಯವರಿಗೆ ಮಾತ್ರ ತೆರೆಯೋ ಬಾಗಿಲು ಮಾಡೋಕೆ ನನಗೆ ಬರಲಿಲ್ಲ. ಮುಂದೆ ಯಾರಿಗಾದರೂ ಬರಬಹುದು."

ತಿಪ್ಪೇಶಿ ತಾನು ಬರೆದದ್ದನ್ನು ತಾನೇ ಅಳಿಸಿದ. ಗೋಡೆಯ ಮೇಲೆ ಗಿರಣಿಗಳು, ಗೋದಾಮುಗಳು ಕೆಂಪಾದವು. ಬೀಗ ಬಿದ್ದವು. ಆಮೇಲೆ ಒಂದೊಂದಾಗಿ ದಾರಿಗೆ ಬಂದವು. ಮಳೆಗಾಲ ಹಿಡಿಯುವ ಹೊತ್ತಿಗೆ ಪಾಲು ಮೊದಲಿನಷ್ಟಾಯಿತು. ಮಂಡಕ್ಕಿ ಬೀದಿಯಲ್ಲೂ ಕೆಂಪು ಎದ್ದೀತೆಂದು ಅವನು ದಿನವೂ ನೋಡಿದ. ಹಾಲಮ್ಮನ ಬೆಳಕು ಒಮ್ಮೆಯೂ ಕೆಂಪಾಗಲಿಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ಅವನೇ ಬೀದಿಗೆ ಹೋದ. ಹಾಲಮ್ಮ ಸೇರು ತುಂಬಿ, ಮೇಲಿನ ಗೋಪುರವನ್ನು ಒಂದು ಕಡ್ಡಿಯಿಂದ ಸಮನಾಗಿ ಎಳೆದು, ಗಿರಾಕಿಯ ಚೀಲಕ್ಕೆ ಸುರಿದಳು. ಹಣ ಬಂತು. ಗಿರಾಕಿ ಚೀಲದ ಬಾಯನ್ನು ಮುಚ್ಚದೆ ಹಿಡಿದುಕೊಂಡೇ ನಿಂತಿದ್ದ.

"ಆತಪ್ಪಾ" ಎಂದಳು ಹಾಲಮ್ಮ.

"ಆತಾ? ಕೊಸರು?"

"ಆತು, ಹೋಗಪ್ಪಾ."

"ಏನ್ ಹಾಲವ್ವಾ, ನೀನೂ ಹಿಂಗಾದ್ಯಾ! ಮಂಡಕ್ಕಿ ಏನು ಬಂಗಾರದ್ದಾ?" ಎಂದು ಅವನು ಸಿಡುಕಿ ಹೋದ. ಹಾಲಮ್ಮ ಕಡ್ಡಿಯನ್ನು ಸೇರಿನ ಮೇಲೆ ಅಡ್ಡ ಇಟ್ಟು ಮುಂದಿನವರ ಚೀಲಕ್ಕಾಗಿ ಕೈ ಚಾಚಿದಳು. ತಮ್ಮನನ್ನು ನೋಡಿದಳು. ಮತ್ತೆ ಸೇರು ತುಂಬಿದಳು. ತಿಪ್ಪೇಶಿ ಕಚೇರಿಗೆ ಹಿಂತಿರುಗಿದ.

ಆ ವಾರವೇ ವನಜಾಕ್ಷಿಯ ಮೂರನೆಯ ಸರದಿ ತಿರುಗಿ ಬಂತು. ಮೊದಲ ದಿನ ಮುಗಿಸಿಕೊಂಡು ಬಂದಾಗ ಅವಳ ಮುಖ ತೊಳೆದಿಟ್ಟಂತಿತ್ತು. ಹಾಲಮ್ಮ ಮನೆಯಲ್ಲಿ ದೀಪ ಹಚ್ಚಿ, ಮೆತ್ತಗೆ ಅನ್ನ ಮಾಡಿ ಕಾಯುತ್ತಿದ್ದಳು. ವನಜಾಕ್ಷಿ ಗೋಡೆಗೆ ಒರಗಿ ಕೂತು ಲೋಟ ಮುಂದೆ ಹಿಡಿದಳು. ಹಾಲಮ್ಮ ಗೆರೆಯವರೆಗೆ ನೀರು ಬಗ್ಗಿಸಿ ನಿಲ್ಲಿಸಿದಳು.

ವನಜಾಕ್ಷಿ ಲೋಟವನ್ನು ಹಿಂದಕ್ಕೆ ತೆಗೆಯಲಿಲ್ಲ. "ಅಕ್ಕಾ, ಇವತ್ತಿಂದ ಇನ್ನೊಂಚೂರು ಹಾಕ್ಬೋದಂತ್ರಿ. ಡಾಕ್ಟ್ರೇ ಹೇಳಿದ್ರು. ಹಾಕ್ರಿ, ನಿಮ್ಮ ಕೈಯಿಂದ."

ಹಾಲಮ್ಮ ಕೊಡವನ್ನು ಎತ್ತಿ ಹಿಡಿದಳು. ಅವಳು ನಾದಿನಿಯನ್ನು ನೋಡಲಿಲ್ಲ, ತಮ್ಮನ ಕಡೆ ತಿರುಗಿದಳು.

"ಎಷ್ಟು?" ಎಂದು ಕೇಳಿದಳು.

"ಹಾಕಕ್ಕಾ, ನಿನಗೆ ತಿಳಿದಷ್ಟು ಹಾಕು."

"ನಂಗೆ ತಿಳಿಯಲ್ಲ. ನೀನು ಹೇಳು."

ಅವಳು ಕೊಡ ಬಗ್ಗಿಸದೆ ಹಾಗೆಯೇ ನಿಂತಿದ್ದಳು. ತಿಪ್ಪೇಶಿ ಲೋಟದ ಮೇಲೆ ಬೆರಳಿಟ್ಟು ಅಳತೆ ತೋರಿಸಬೇಕಾಯಿತು. ಹಾಲಮ್ಮ ಕಣ್ಣು ಕಿರಿದು ಮಾಡಿಕೊಂಡು, ಬೆರಳು ಮುಟ್ಟುವವರೆಗೆ ಸುರಿದಳು. ಕೊಡದ ಬಾಯಲ್ಲಿ ಒಂದು ಹನಿ ಇನ್ನೂ ತೂಗುತ್ತಿತ್ತು. ಅದು ಲೋಟಕ್ಕೆ ಬೀಳುವ ಮೊದಲೇ ಬೆರಳಿನಿಂದ ಒರೆಸಿ ತೆಗೆದು, ಕೊಡದೊಳಕ್ಕೆ ಬಿಟ್ಟಳು.